ಸ್ಪೇನಿನ ಪುಂಡ ಹುಡುಗರು ಮತ್ತು ಕೋಠಿಯಲ್ಲಿ ನನ್ನ ಓಟ

ತೆಲುಗು ಸೀಮೆಯ ಕೋಠಿ ಪೇಟೆಯಲ್ಲಿರುವ ನಮ್ಮ ಕನ್ನಡ ಸಂಘದವರು ಒಂದು ಭಾನುವಾರ ಮಧ್ಯಾಹ್ನ ಸ್ಪೇನ್ ದೇಶದ ಹಳೆಯ ಸಿನಿಮಾ ತೋರಿಸುವುದೆಂದು ನಿಶ್ಚಯಿಸಿದರು. ಕಳ್ಳತನಕ್ಕಿಳಿದ ಬೀದಿ ಹುಡುಗರ ಕತೆ ಅದು. ಹಾಳಾಗಿದ್ದ ಪ್ರತಿಯನ್ನು ಚೊಕ್ಕಟ ಮಾಡಿ, ಸೆನ್ಸಾರಿನವರು ಕತ್ತರಿಸಿದ್ದ ದೃಶ್ಯಗಳನ್ನು ಮತ್ತೆ ಸೇರಿಸಿದ್ದರಂತೆ. ಸಿನಿಮಾಕ್ಕೂ ಮೊದಲು ನಿರ್ದೇಶಕರ ಬಗ್ಗೆ ಹತ್ತು ನಿಮಿಷ ಮಾತಾಡುವ ಘನಕಾರ್ಯಕ್ಕೆ ನಾನು ತಕ್ಷಣ ಒಪ್ಪಿದೆ.

ನಿರ್ದೇಶಕರ ಹೆಸರು ಮಾತ್ರ ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಹಾಗಾಗಿ ಇಡೀ ಭಾಷಣದಲ್ಲಿ ಅವರನ್ನು ‘ನಮ್ಮ ನಿರ್ದೇಶಕರು’ ಎಂದೇ ಕರೆದೆ. ಅವರು ನಟರನ್ನು ಬಿಟ್ಟು ನಿಜವಾದ ಬೀದಿ ಹುಡುಗರನ್ನೇ ಹಾಕಿಕೊಂಡು ಚಿತ್ರ ಮಾಡಿದ್ದನ್ನು ಹೊಗಳಿದೆ. ಇಂಥ ಹುಡುಗರನ್ನು ಕಂಡರೆ ಹೆದರುವುದು ನಮ್ಮ ಮನಸ್ಸಿನ ಸಣ್ಣತನ ಎಂದು ಮೇಜು ಕುಟ್ಟಿದೆ. ಚಪ್ಪಾಳೆ ಬಿತ್ತು.

ಆಮೇಲೆ ಸಿನಿಮಾ ನೋಡಿದೆ. ಅದಕ್ಕೂ ಮೊದಲು ನಾನದನ್ನು ನೋಡಿರಲಿಲ್ಲ. ತೆರೆಯ ಮೇಲಿನ ಹುಡುಗರು ಒಬ್ಬೊಬ್ಬರನ್ನೇ ಬೆನ್ನಟ್ಟಿ ದೋಚುತ್ತಿದ್ದರೆ ನಾನು ಜೇಬಿನ ಪರ್ಸನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮುಗಿದ ಕೂಡಲೇ ಕುರ್ಚಿ ಕೆಳಗಿನ ಕರಿ ಬ್ಯಾಗು ಎಳೆದುಕೊಂಡು ಹೊರಬಿದ್ದೆ.

ಔಷಧಿ ಅಂಗಡಿಗಳ ಸಾಲು ದಾಟುವಾಗ ಹಿಂದೆ ತಿರುಗಿದರೆ ಮೂವರು ಯುವಕರು. ನಾನು ರಸ್ತೆ ದಾಟಿದೆ, ಅವರೂ ದಾಟಿದರು. ನಾನು ಜೋರಾಗಿ ನಡೆದೆ, ಅವರು ಓಡತೊಡಗಿದರು. ಒಬ್ಬ ಕೈ ಎತ್ತಿ ಏನೋ ಕೂಗುತ್ತಿದ್ದ. ಬಸ್ಸು, ಆಟೋಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಹೆಂಡತಿ ಸುಧಾಳಿಗೆ ಫೋನು ಮಾಡಿದೆ.

“ಹಿಂದ ನೋಡಬ್ಯಾಡ್ರಿ,” ಎಂದಳು ಆಕೆ. “ಯಾವುದಾರ ಅಂಗಡಿ ಹೊಕ್ಕೊಂಡು ಬಿಡ್ರಿ.”

ಸೀರೆ ಅಂಗಡಿಯೊಂದಕ್ಕೆ ನುಗ್ಗಿ, ತೂಗುಹಾಕಿದ್ದ ಸೀರೆಗಳ ಹಿಂದೆ ನಿಂತೆ. ಯಾರಿಗೆ ಸೀರೆ ಎಂದು ಮಾಲೀಕ ಹಿಂದಿಯಲ್ಲಿ ಕೇಳಿದ. ನಾನು ತುಟಿಗೆ ಬೆರಳಿಟ್ಟು ಸನ್ನೆ ಮಾಡಿದೆ. ಅಷ್ಟರಲ್ಲಿ ಮೂವರೂ ಒಳಗೆ ಬಂದರು. ನಾನು ಕಣ್ಣು ಮುಚ್ಚಿ, ಬಿಚ್ಚಿದ ವಾಚು ಮತ್ತು ಫೋನನ್ನು ಸೀರೆಗಳ ನಡುವಿನಿಂದ ಮುಂದೆ ಚಾಚಿದೆ.

“ವಾಚ್ ಬ್ಯಾಡ್ರಿ ಸರ,” ಎಂದಿತು ಅಚ್ಚ ಯಾದಗಿರಿ ಕನ್ನಡ. “ನನ್ನ ಬ್ಯಾಗ್ ಕೊಡ್ರಿ. ಊರಿಗಿ ಹೊಂಟೀವಿ, ಟಿಕೀಟು ಅದ್ರಾಗ ಐತಿ.”

ಬ್ಯಾಗು ತೆರೆದರೆ ಊಟದ ಡಬ್ಬಿ, ಟೈಲ್ಸ್ ಕೂರಿಸುವ ಕರಣಿ, ಆಧಾರ್ ಕಾರ್ಡು, ರೈಲಿನ ಟಿಕೆಟ್ಟು. ಮೂವರೂ ಹತ್ತಿರದ ಕಟ್ಟಡದಲ್ಲಿ ಕೆಲಸ ಮಾಡುವವರು. ಕನ್ನಡ ಭಾಷಣ ಇದೆಯೆಂದು ಕೇಳಿ ಬಂದು, ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದರಂತೆ. ಅಂಥದೇ ಕರಿ ಬಣ್ಣದ ನನ್ನ ಬ್ಯಾಗನ್ನು ಜೋಪಾನವಾಗಿ ತಂದಿದ್ದರು. ಮಾಲೀಕ ಈಗ ಕಳ್ಳನನ್ನು ನೋಡುವಂತೆ ನನ್ನನ್ನೇ ನೋಡುತ್ತಿದ್ದ.

ಕ್ಷಮೆ ಕೇಳಿದೆ. ಬ್ಯಾಗಿನ ಒಡೆಯ ನಕ್ಕು, ಭಾಷಣ ಭಾಳ ಚಲೋ ಇತ್ತೆಂದ. ಅವನು ಬೈದಿದ್ದರೆ ಹಗುರಾಗುತ್ತಿತ್ತು.

ನನ್ನ ಮನೆ ಕಾಚಿಗೂಡದಲ್ಲಿ; ಅವರೂ ರೈಲು ಹಿಡಿಯಲು ಅಲ್ಲಿನ ಸ್ಟೇಷನ್ನಿಗೇ ಹೊರಟಿದ್ದರು. ನನ್ನ ಕಾಲು ನಡುಗುತ್ತಿದ್ದುದನ್ನು ಕಂಡು ಇಬ್ಬರು ತೋಳು ಹಿಡಿದು ಬಸ್ಸು ಹತ್ತಿಸಿದರು. ಮೂರನೆಯವನು ಸೀಟಿನಲ್ಲಿದ್ದ ಕಾಲೇಜು ಹುಡುಗಿಗೆ ತನ್ನ ಹರಕು ತೆಲುಗಿನಲ್ಲಿ, ತಾತನಿಗೆ ಸ್ವಲ್ಪ ಜಾಗ ಬಿಟ್ಟುಕೊಡಮ್ಮ ಎಂದ.

ನನಗಿನ್ನೂ ಐವತ್ತೆರಡು. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಆಮೇಲೆ ತಾತನ ಹಾಗೆಯೇ ಮೆಲ್ಲಗೆ ಕೂತುಕೊಂಡೆ.