ಅವಿಭಾಜ್ಯದ ವೇಷದಲ್ಲಿ ಓಡಾಡುವ ಶ್ರೀ ತೊಂಬತ್ತೊಂದು ಅವರಿಗೆ

ತೊಂಬತ್ತರ ಪಕ್ಕದ ಮನೆಯಲ್ಲಿ ಅನಾದಿ ಕಾಲದಿಂದ ಖಾಯಂ ವಾಸವಾಗಿರುವವರೂ, ಪೂರ್ಣ ಸಂಖ್ಯೆಗಳ ಕುಲದಲ್ಲಿ ಅತ್ಯಂತ ಗಂಭೀರ ಮುಖಮುದ್ರೆಯುಳ್ಳವರೂ, ಯಾರಿಗೂ ಭಾಗವಾಗದವರೆಂಬ ಭ್ರಮೆಯನ್ನು ಬಾಯಿಬಿಡದೆಯೇ ಹುಟ್ಟಿಸಬಲ್ಲವರೂ ಆದ ತಮ್ಮ ಸನ್ನಿಧಿಗೆ ಅರವತ್ತೆಂಟು ವರ್ಷದ ನಿವೃತ್ತ ಗ್ರಂಥಪಾಲಕನೊಬ್ಬನ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ವಯಸ್ಸಾಗುವುದಿಲ್ಲ, ಮಂಡಿ ನೋಯುವುದಿಲ್ಲ, ಶಾಲೆಯ ಮೆಟ್ಟಿಲು ಹತ್ತಿ ಹತ್ತು ಜನರ ಮುಂದೆ ಮುಖಭಂಗ ಮಾಡಿಸಿಕೊಳ್ಳುವ ಪ್ರಸಂಗವೂ ಬರುವುದಿಲ್ಲ. ಈ ಮೂರೂ ನನ್ನ ಪಾಲಿಗೆ ಬಂದಿವೆ, ಮೂರನೆಯದಕ್ಕೆ ತಾವೇ ನೇರ ಕಾರಣ. ಖಾಸಗಿಯಾಗಿ ಬರೆಯೋಣವೆಂದರೆ ತಮ್ಮ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲವಾದ್ದರಿಂದ, ಮತ್ತು ತಮ್ಮ ಗಾಂಭೀರ್ಯಕ್ಕೆ ಮರುಳಾದವನು ನಾನೊಬ್ಬನೇ ಆಗಿರಲಾರೆನೆಂಬ ಸಮಾಧಾನ ನನಗೆ ಅಗತ್ಯವಾಗಿ ಬೇಕಾಗಿರುವುದರಿಂದ, ಈ ದೂರನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಮೊದಲು ನನ್ನ ಅರ್ಹತೆಯನ್ನು ವಿನಯದಿಂದ ನಿವೇದಿಸಿಕೊಳ್ಳಬೇಕು. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ಮೂರು ವರ್ಷ ಸತತವಾಗಿ ಅಂತರಕಾಲೇಜು ಫಲಕವನ್ನು ಎತ್ತಿಕೊಂಡು ಬಂದವನು. ನನ್ನ ಗೆಲುವಿನ ಗುಟ್ಟು ಸರಳವಾದದ್ದು. ಯಾವ ವಿಷಯಕ್ಕೇ ಆಗಲಿ ಮೂರು ಅಂಶಗಳನ್ನು ಮಂಡಿಸಬೇಕು. ಎರಡಾದರೆ ವಾದ ಬಡವಾಗಿ ಕಾಣುತ್ತದೆ, ನಾಲ್ಕಾದರೆ ತೀರ್ಪುಗಾರರು ಗಡಿಯಾರ ನೋಡುತ್ತಾರೆ. ಈ ಸೂತ್ರವನ್ನು ನಾನು ಭಾಷಣಗಳಿಗಷ್ಟೇ ಅನ್ವಯಿಸಿ ಸುಮ್ಮನಾಗಿದ್ದರೆ ತಮಗೂ ನನಗೂ ಜಗಳವೇ ಇರುತ್ತಿರಲಿಲ್ಲ.

ಕಳೆದ ತಿಂಗಳ ಒಂದು ಮಂಗಳವಾರ ಸಂಜೆ, ಐದನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಅಪವರ್ತನಗಳನ್ನು ಹುಡುಕುತ್ತಿದ್ದಳು. ನಲವತ್ತೆಂಟಕ್ಕೆ ಒಂದು, ಎರಡು, ಮೂರು, ನಾಲ್ಕು, ಆರು, ಎಂಟು ಎಂದು ಶುರುಮಾಡಿ ನಲವತ್ತೆಂಟರವರೆಗೆ ಹತ್ತನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ನೆರೆಮನೆಯ ತೊಂಬತ್ತರವರನ್ನು ನೋಡಿ, ಎಂಥ ಉದಾರ ಮನಸ್ಸು, ಹನ್ನೆರಡು ಅಪವರ್ತನಗಳಿಗೆ ಆಶ್ರಯ ಕೊಟ್ಟಿದ್ದಾರೆ, ಬಾಗಿಲು ತಟ್ಟಿದವರೆಲ್ಲ ಶೇಷವಿಲ್ಲದೆ ಒಳಗೆ ಹೋಗುತ್ತಾರೆ. ಆಮೇಲೆ ತಾವು ಬಂದಿರಿ. ಮೊಮ್ಮಗಳು ಪೆನ್ಸಿಲ್ ಕಚ್ಚಿಕೊಂಡು, "ತಾತ, ಇದಕ್ಕೆ ಏಳು ಹೋಗತ್ತೆ ಅನ್ಸತ್ತೆ" ಎಂದಳು.

ನಾನು ನಕ್ಕೆ. ವೇದಿಕೆಯ ಮೇಲೆ ಎದುರಾಳಿಯ ಮೊದಲ ವಾಕ್ಯಕ್ಕೆ ನಗುತ್ತಿದ್ದ ಅದೇ ನಗು. ಒಂದನೆಯದಾಗಿ, ತೊಂಬತ್ತೊಂದರ ಕೊನೆಯ ಅಂಕಿ ಒಂದು, ಆದ್ದರಿಂದ ಅದು ಎರಡರಿಂದ ಭಾಗವಾಗದು. ಎರಡನೆಯದಾಗಿ, ಒಂಬತ್ತೂ ಒಂದೂ ಕೂಡಿದರೆ ಹತ್ತು, ಹತ್ತು ಮೂರರಿಂದ ಭಾಗವಾಗದು, ಆದ್ದರಿಂದ ಇದೂ ಆಗದು. ಮೂರನೆಯದಾಗಿ, ಕೊನೆಯಲ್ಲಿ ಸೊನ್ನೆಯೂ ಇಲ್ಲ ಐದೂ ಇಲ್ಲ, ಆದ್ದರಿಂದ ಐದರ ಮಾತೇ ಬೇಡ. ಮೂರು ಅಂಶಗಳು ಮುಗಿದವು, ವಾದವೂ ಮುಗಿಯಿತು, ತಾವು ಅವಿಭಾಜ್ಯರೆಂದು ಘೋಷಿಸಿದೆ. "ಆದ್ರೆ ತಾತ, ಹದಿಮೂರೇಳ್ಲಿ..." ಎಂದು ಅವಳು ಬಾಯಿ ತೆರೆದಾಗ ಸಮಯ ಮೀರಿತೆಂಬಂತೆ ಕೈಯೆತ್ತಿದೆ. ಹದಿಮೂರರ ಮಗ್ಗಿ ನನಗೆ ಬರುವುದಿಲ್ಲ. ಹನ್ನೆರಡು ಮುಗಿಯುವ ಹೊತ್ತಿಗೆ ನನಗೆ ಭಾಷಣದ ರುಚಿ ಹತ್ತಿತ್ತು. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಆಯ್ತು ತಾತ" ಎಂದು, ತಮ್ಮ ಹೆಸರಿನ ಮುಂದೆ ಒಂದು ಮತ್ತು ತೊಂಬತ್ತೊಂದು ಎಂದಷ್ಟೇ ಬರೆದು ಪುಸ್ತಕ ಮುಚ್ಚಿದಳು.

ಮರುದಿನ ಆ ಸಾಲಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ತಮ್ಮ ಮಾನ ಕಾಪಾಡಲು, ದಯವಿಟ್ಟು ಗಮನಿಸಿ, ತಮ್ಮ ಮಾನ ಕಾಪಾಡಲು, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಪುಟದ ಪ್ರತಿಭಟನಾ ಪತ್ರ ಹಿಡಿದು, ಮೊಮ್ಮಗಳನ್ನೂ ಸಾಕ್ಷಿಗೆ ಕರೆದುಕೊಂಡು ಶಾಲೆಗೆ ಹೋದೆ. ಶಿಕ್ಷಕರ ಕೊಠಡಿಯಲ್ಲಿ ಹದಿನೆಂಟು ನಿಮಿಷ ಮಾತಾಡಿದೆ. ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು. ವ್ಯಾಯಾಮದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಗಣಿತದ ಮೇಡಂ, ನನ್ನ ಅರ್ಧದಷ್ಟೂ ವಯಸ್ಸಾಗದ ಹೆಣ್ಣುಮಗಳು, ಒಮ್ಮೆಯೂ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ಇಷ್ಟೇ: "ಸರ್, ತುಂಬಾ ಚೆನ್ನಾಗಿ ಮಾತಾಡ್ತೀರಿ. ಏಳರಿಂದ ಭಾಗಿಸಿ ನೋಡಿದ್ರಾ?"

ನನ್ನದೇ ಪ್ರತಿಭಟನಾ ಪತ್ರದ ಬೆನ್ನ ಮೇಲೆ ಭಾಗಿಸಿದೆ. ಒಂಬತ್ತರಲ್ಲಿ ಏಳು ಒಂದು ಸಲ, ಉಳಿದದ್ದು ಎರಡು, ಒಂದನ್ನು ಇಳಿಸಿದರೆ ಇಪ್ಪತ್ತೊಂದು, ಏಳ್ಮೂರ್ಲಿ ಇಪ್ಪತ್ತೊಂದು. ಹದಿಮೂರು. ಶೇಷ ಸೊನ್ನೆ. ಮೇಡಂ ಬಹಳ ಮರ್ಯಾದೆಯಿಂದ ವಿವರಿಸಿದರು: ಹತ್ತು ಹತ್ತಲಿ ನೂರು, ಅದು ತಮ್ಮನ್ನು ದಾಟಿ ಹೋಗುವುದರಿಂದ ಹತ್ತರ ಒಳಗಿನ ಅವಿಭಾಜ್ಯಗಳಾದ ಎರಡು, ಮೂರು, ಐದು, ಏಳು, ಈ ನಾಲ್ಕರಿಂದ ಮಾತ್ರ ಪರೀಕ್ಷಿಸಿದರೆ ಸಾಕು. ನಾಲ್ಕು, ಮಾನ್ಯರೇ. ನನ್ನ ಜೀವಮಾನದ ಶೈಲಿಗಿಂತ ಕೇವಲ ಒಂದು ಹೆಚ್ಚು. ತಾವು ಎರಡು, ಮೂರು, ಐದು ಎಂಬ ಮೂವರು ಕಾವಲುಗಾರರ ಮುಂದೆ ನಿರ್ದೋಷಿಯಂತೆ ನಡೆದುಹೋಗಿ, ಮೂರಕ್ಕೇ ನಿಲ್ಲುವ ನನ್ನಂಥವನಿಗಾಗಿಯೇ ನಾಲ್ಕನೆಯವನ ಬೆನ್ನ ಹಿಂದೆ ಅಡಗಿ ಕುಳಿತಿರಿ. ಈ ಜಾಣ್ಮೆಗೆ ಯಾವ ಫಲಕ ಕೊಟ್ಟರೂ ಸಾಲದು.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳನ್ನು ಕೇಳಿದೆ, ಗೊತ್ತಿದ್ದೂ ಯಾಕೆ ಬಿಟ್ಟುಕೊಟ್ಟೆ ಎಂದು. ಅವಳು ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿ, "ಅಪ್ಪ ಹೇಳಿದ್ದ. ತಾತನ ಜೊತೆ ವಾದ ಮಾಡ್ಬೇಡ, ಆಯ್ತು ಅಂದ್ಬಿಡು, ಬೇಗ ಮುಗಿಯತ್ತೆ ಅಂತ" ಎಂದಳು.

ಅವಳ ಅಪ್ಪನೆಂದರೆ ನನ್ನ ಮಗ. ಟೈಲ್ಸ್ ಕೂರಿಸುವ ಕೆಲಸ ಅವನದು. ಎರಡು ವರ್ಷದ ಹಿಂದೆ ಯಾರದೋ ಅಡುಗೆಮನೆಯ ನೆಲದ ಮೇಲೆ, ದಾರ ಹಿಡಿದು ಮಟ್ಟ ನೋಡುತ್ತಿದ್ದಂತೆಯೇ ಹೃದಯ ನಿಂತು ತೀರಿಕೊಂಡ. ಮೂವತ್ತಾರು ವರ್ಷ. ಇದರ ಬಗ್ಗೆ ತಮ್ಮ ಮೇಲೆ ದೂರಿಲ್ಲ. ನನ್ನ ದೂರಿರುವುದು ಅವನು ಒಂಬತ್ತು ವರ್ಷದವನಾಗಿದ್ದಾಗಿನ ಒಂದು ಭಾನುವಾರದ ಬಗ್ಗೆ. ಅಂದೂ ಇದೇ ಲೆಕ್ಕ, ಇದೇ ತಾವು. ಅವನು ತನ್ನ ತಾಯಿಯ ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ಸುರಿದುಕೊಂಡು ನೆಲದ ಮೇಲೆ ಏಳು ಸಾಲು ಜೋಡಿಸಿ, "ಅಪ್ಪಾ, ಇಲ್ಲಿ ಬಾ, ಒಂದೂ ಮಿಗಲ್ಲ ನೋಡು" ಎಂದು ಕರೆದ. ನಾನು ಕುರ್ಚಿಯಿಂದ ಏಳಲಿಲ್ಲ. ಗುಂಡಿ ಜೋಡಿಸುವುದು ವಾದವಲ್ಲ ಎಂದು ಹೇಳಿ, ಮೂರು ಅಂಶಗಳನ್ನು ಮಂಡಿಸಿದೆ. "ಒಂದ್ಸಲ ಎದ್ದು ನೋಡ್ಬಾರ್ದೇ ನೀವು?" ಎಂದಳು ನನ್ನ ಹೆಂಡತಿ. ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಅವನು "ಆಯ್ತಪ್ಪ" ಎಂದು ಗುಂಡಿಗಳನ್ನು ಡಬ್ಬಿಗೆ ತುಂಬಿದ. ಆ ಗೆಲುವು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಮೇಲೆ ಅವನು ನನ್ನೊಡನೆ ಯಾವುದಕ್ಕೂ ವಾದಿಸಲಿಲ್ಲ. ಕಾಲೇಜು ಬಿಟ್ಟು ಮೇಸ್ತ್ರಿಯ ಜೊತೆ ಹೊರಟಾಗಲೂ ನನ್ನ ಭಾಷಣವನ್ನು ಪೂರ್ತಿ ಕೇಳಿ, "ಆಯ್ತಪ್ಪ" ಎಂದು, ಚಪ್ಪಲಿ ಮೆಟ್ಟಿಕೊಂಡು ಹೋದ.

ತಾವು ಆಕ್ಷೇಪಿಸಬಹುದು: ಒಬ್ಬ ಸಂಖ್ಯೆಗೆ ಇದೆಲ್ಲ ಏನು ಸಂಬಂಧ? ಸ್ವಲ್ಪ ತಾಳ್ಮೆ ಇರಲಿ. ಶಾಲೆಯ ಘಟನೆಯಾದ ಮೇಲೆ ಮೊಮ್ಮಗಳು ನನಗೆ ಹೋಂವರ್ಕ್ ಕೊಡತೊಡಗಿದಳು. ಮನೆಯಲ್ಲಿ ಸಾಲಾಗಿ ಇರುವುದನ್ನೆಲ್ಲ ಎಣಿಸಿ ಅಪವರ್ತನ ಬರೆಯಬೇಕು. ಕಿಟಕಿಯ ಸರಳು, ಕಪಾಟಿನ ಪುಸ್ತಕ ಎಲ್ಲ ಆದ ಮೇಲೆ, ಆರು ವರ್ಷದ ಹಿಂದೆ ಮಗನೇ ಟೈಲ್ಸ್ ಹಾಕಿದ ಬಾಲ್ಕನಿಯಲ್ಲಿ ನನ್ನನ್ನು ನಿಲ್ಲಿಸಿದಳು. ಉದ್ದಕ್ಕೆ ಹದಿಮೂರು. ಅಡ್ಡಕ್ಕೆ ಏಳು. ಮತ್ತೊಮ್ಮೆ ಎಣಿಸಿದೆ. ಆರು ವರ್ಷ ನಾನು ತಮ್ಮ ಮೇಲೆ ಕುರ್ಚಿ ಹಾಕಿಕೊಂಡು ಪತ್ರಿಕೆ ಓದಿದ್ದೇನೆ, ಮಾನ್ಯರೇ.

ಮರುದಿನವೇ ಮಗನ ಜೊತೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯನ್ನು ಕರೆಸಿ ವಿಚಾರಿಸಿದೆ. ಇದು ಆಕಸ್ಮಿಕವಾಗಿರಲು ಸಾಧ್ಯವೆಂದು ನನ್ನ ಮೊದಲ ಅಂಶವನ್ನೂ ಮುಂದಿಟ್ಟೆ. ಅವನು ತಲೆ ಕೆರೆದುಕೊಂಡ. "ಆಕಸ್ಮಿಕ ಎಲ್ಲಿಂದ ಬಂತು ಸರ್? ಟೈಲ್ಸ್ ಒಂದೊಂದು ಅಡಿದು, ಬಾಲ್ಕನಿ ಇರೋದು ಹದಿಮೂರೂವರೆ ಅಡಿ. ಅರ್ಧ ಪೀಸ್ ಕಟ್ ಮಾಡಿ ಹಾಕಿದ್ರೆ ಮುಗೀತಿತ್ತು. ಇವ್ನು ಒಪ್ಲಿಲ್ಲ, ಒಂದೂ ಕಟ್ ಆಗ್ಬಾರ್ದು ಅಂತ ಕೊನೇಲಿ ಅರ್ಧ ಅಡಿ ಗಿಡದ ಕಟ್ಟೆ ಕಟ್ದ. ಯಾಕೋ ಮಾರಾಯ ಅಂದ್ರೆ, ನಮ್ಮಪ್ಪ ಒಂದಿನ ಎಣಿಸ್ತಾರೆ ಬಿಡು ಅಂದ." ಆ ಕಟ್ಟೆ ಅನಗತ್ಯವೆಂದು ಅಂದು ನಾನು ಮಗನಿಗೆ ಸವಿಸ್ತಾರವಾಗಿ ಹೇಳಿದ್ದೆ. ಅವನು ಏನೆಂದು ಉತ್ತರಿಸಿದನೆಂದು ತಮಗೆ ತಿಳಿಸಬೇಕಾಗಿಲ್ಲ.

ವೇದಿಕೆಯ ಅನುಭವವುಳ್ಳವನಾಗಿ ಒಂದು ಮಾತನ್ನು ದಾಖಲಿಸುತ್ತೇನೆ: ಇಷ್ಟು ಸಮರ್ಥವಾದ ಪ್ರತಿವಾದವನ್ನು ನಾನು ಎಂದೂ ಎದುರಿಸಿರಲಿಲ್ಲ. ದನಿಯೆತ್ತಲಿಲ್ಲ, ಸಮಯ ಮೀರಲಿಲ್ಲ, ಸಿಮೆಂಟಿನಲ್ಲಿ ಕೂರಿಸಿ ಹೋದ.

ಆದಕಾರಣ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ. ತಾವು ಇನ್ನು ಮುಂದೆ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವಾಗ ಏಳನ್ನೂ ಹದಿಮೂರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡೇ ಬರತಕ್ಕದ್ದು. ಅದು ಕಷ್ಟವೆನಿಸಿದರೆ, ನಿಜವಾಗಿಯೂ ಅವಿಭಾಜ್ಯರಾದ ತೊಂಬತ್ತೇಳರವರೊಡನೆ ಮಾತಾಡಿ ಮನೆ ಬದಲಾಯಿಸಿಕೊಳ್ಳಬಹುದು. ಅದೂ ಆಗದಿದ್ದರೆ ಆ ಭಾನುವಾರ ಮಧ್ಯಾಹ್ನದ ಮಟ್ಟಿಗೆ, ಕೇವಲ ಅರ್ಧ ಗಂಟೆಯ ಮಟ್ಟಿಗೆ, ತಾವು ಅವಿಭಾಜ್ಯರೇ ಆಗಿದ್ದಿರೆಂದು ಒಂದು ಪ್ರಮಾಣಪತ್ರ ಕೊಟ್ಟರೆ ಸಾಕು. ಅದೂ ಕೈಮೀರಿದ ಮಾತಾದರೆ ಆ ಅರ್ಧ ಗಂಟೆಯನ್ನೇ ಹಿಂದಿರುಗಿಸಿ. ನಾನು ಕುರ್ಚಿಯಿಂದ ಏಳುವುದಕ್ಕೆ ಒಂದು ನಿಮಿಷ ಬೇಕು, ಮಿಕ್ಕದ್ದನ್ನು ತಾವೇ ಇಟ್ಟುಕೊಳ್ಳಿ.

ಇದ್ಯಾವುದೂ ತಮ್ಮಿಂದ ಆಗದೆಂದು ಬಲ್ಲೆ. ಆದರೆ ಮೊಮ್ಮಗಳ ವಿಷಯದಲ್ಲಿ ನನಗೆ ಅವಸರವಿದೆ. ಅವಳಿಗೆ ಹತ್ತು ವರ್ಷ. "ಆಯ್ತು" ಎನ್ನುವ ಅಭ್ಯಾಸ ಗಟ್ಟಿಯಾಗಿಬಿಟ್ಟರೆ ಇನ್ನೊಬ್ಬಳು ನನ್ನನ್ನು ಪೂರ್ತಿ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾಳೆ. ಆದ್ದರಿಂದ ಈ ಮನೆಯಲ್ಲಿ ಇನ್ನು ಮುಂದೆ ಯಾರೂ "ಆಯ್ತು ತಾತ" ಎನ್ನಕೂಡದೆಂದು ಆಜ್ಞೆ ಹೊರಡಿಸಿದೆ. "ಆಯ್ತು ತಾತ" ಎಂದಳು. ಸೊಸೆ ಒಳಗಿನಿಂದ ನಕ್ಕಿದ್ದು ಕೇಳಿಸಿತು. ಬೇಕೆಂದೇ ಎರಡು ಲೆಕ್ಕ ತಪ್ಪು ಹೇಳಿ ಸೋತು ನೋಡಿದೆ. ಸುಳ್ಳು ಸೋಲು ನನ್ನ ಮುಖದಲ್ಲೇ ಗೊತ್ತಾಗುತ್ತದಂತೆ. ಕೊನೆಗೆ ಮೊನ್ನೆ ನೂರ ಹತ್ತೊಂಬತ್ತು ಅವಿಭಾಜ್ಯವೆಂದು ನಾನು ಯಾವ ನಟನೆಯೂ ಇಲ್ಲದೆ, ಸ್ವಂತ ಅಜ್ಞಾನದ ಬಲದಿಂದಲೇ ಪ್ರತಿಪಾದಿಸಿದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. "ಇಲ್ಲ. ತಪ್ಪು. ಏಳು ಹದಿನೇಳು. ಎದ್ದು ಬಾ ಇಲ್ಲಿ, ತೋರಿಸ್ತೀನಿ."

ಎದ್ದು ಹೋದೆ.

ಇನ್ನು ಮೇಲೆ ನಾಲ್ಕನೆಯ ಅಂಶದವರೆಗೂ ತಾಳ್ಮೆಯಿಂದ ಬರಲು ಒಪ್ಪಿಕೊಂಡಿರುವ,
ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಚರ್ಚಾಪಟು

ಮರೆತ ಮಾತು: ಈ ಪತ್ರವನ್ನು ಪ್ರಕಟಣೆಗೆ ಕಳಿಸುವ ಮೊದಲು ಮೊಮ್ಮಗಳು ಓದಿದಳು. ನಾನು ತಮ್ಮನ್ನು ದೂರಿದ ಕಡೆಯಲ್ಲೆಲ್ಲ ಅಂಚಿನಲ್ಲಿ "ಇದು ಅದರ ತಪ್ಪಲ್ಲ, ತಾತಂದು" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ, ಒಟ್ಟು ಹನ್ನೊಂದು ಕಡೆ. ತಿದ್ದುಪಡಿಗಳನ್ನು ಸ್ವೀಕರಿಸಿದರೆ ಪತ್ರ ತಮಗೆ ಬರೆದದ್ದಾಗಿ ಉಳಿಯುವುದಿಲ್ಲವಾದ್ದರಿಂದ ಹಾಗೆಯೇ ಕಳಿಸುತ್ತಿದ್ದೇನೆ. ಆದರೆ ಅವಳಿಂದ ಒಂದು ಅಪ್ಪಣೆಯೂ ಆಗಿದೆ: ಹನ್ನೊಂದು ಅವಿಭಾಜ್ಯವೋ ಅಲ್ಲವೋ ಹೇಳಬೇಕು, ಭಾಷಣ ಮಾಡುವಂತಿಲ್ಲ. ಎರಡು, ಮೂರು, ಐದರಿಂದ ನೋಡಿದೆ. ಏಳು ಬೇಕಾಗಿಲ್ಲವೆಂದು ಅವಳೇ ಹೇಳಿದಳು. ಆದರೂ ನೋಡಿದೆ.