ಗೆದ್ದವರೇ ತಕರಾರು ಹಾಕಿದ ಪಂದ್ಯ

ಸನ್ಮಾನ್ಯ ಕಾರ್ಯದರ್ಶಿಗಳ ಸನ್ನಿಧಿಗೆ,
ದಕ್ಷಿಣ ಉಪವಲಯ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಸಮಿತಿ, ಪುಣೆ.

ವಿಷಯ: ಅರವತ್ತೊಂದು ದೊಡ್ಡದೋ, ಐವತ್ತೆಂಟು ದೊಡ್ಡದೋ ಎಂಬ ಬಗ್ಗೆ.

ಮಾನ್ಯರೇ,

ತಾವೂ ತಮ್ಮ ಸಮಿತಿಯ ಮೂವರು ಸದಸ್ಯರೂ ಕ್ಷೇಮವೆಂದು ನಂಬಿ, ತಮ್ಮ ರಬ್ಬರ್ ಸ್ಟಾಂಪಿಗೂ ಆಯುರಾರೋಗ್ಯ ಕೋರಿ ಈ ಪತ್ರವನ್ನು ಆರಂಭಿಸುತ್ತೇನೆ. ಇದೇ ವಿಷಯವಾಗಿ ತಮಗೆ ಮರಾಠಿಯಲ್ಲಿ ಮೂರು, ಇಂಗ್ಲಿಷಿನಲ್ಲಿ ಒಂದು ಅರ್ಜಿ ಸಲ್ಲಿಸಿದ್ದು, ನಾಲ್ಕಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯ ಹೊರತು ಹೆಚ್ಚೇನೂ ದೊರಕದ ಕಾರಣ, ನನಗೆ ಸಿಟ್ಟು ಸರಾಗವಾಗಿ ಬರುವ ಭಾಷೆಯಲ್ಲೇ ಬರೆದು ನಮ್ಮ ಕನ್ನಡ ಸಂಘದ ಮಾಸಿಕದಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ಕನ್ನಡ ಬಾರದೆಂದು ಬಲ್ಲೆ. ಮರಾಠಿ ಬಂದೂ ಏನೂ ಪ್ರಯೋಜನವಾಗಲಿಲ್ಲವಲ್ಲ, ಅದಕ್ಕೆ ಆ ಚಿಂತೆ ಬಿಟ್ಟಿದ್ದೇನೆ.

ನಾನು ಧನಕವಡಿಯ ಒಂದು ಸಣ್ಣ ಕಾಲೇಜಿನಲ್ಲಿ ಹೆಡ್ ಕ್ಲರ್ಕ್. ವಿಜಯಪುರದ ಕಡೆಯವಳು, ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಫೈನಲ್ ಪಂದ್ಯದ ದಿನ ನಮ್ಮ ಕ್ರೀಡಾ ಶಿಕ್ಷಕರಿಗೆ ಪರೀಕ್ಷೆಯ ಕೆಲಸ ಬಿದ್ದದ್ದರಿಂದಲೂ, ತಂಡದ ಜೊತೆ ಸಿಬ್ಬಂದಿಯೊಬ್ಬರು ಇರಲೇಬೇಕೆಂದು ತಮ್ಮ ಸುತ್ತೋಲೆ ಹೇಳುವುದರಿಂದಲೂ, ಪ್ರಾಂಶುಪಾಲರು ನನ್ನನ್ನೇ ಮ್ಯಾನೇಜರ್ ಮಾಡಿ ಕಳಿಸಿದರು. ಆಟದ ವಿಷಯದಲ್ಲಿ ನನಗಿದ್ದ ಜ್ಞಾನವೆಂದರೆ ಆ ಬುಟ್ಟಿಗೆ ತಳ ಇರುವುದಿಲ್ಲ ಎಂಬುದಷ್ಟೇ. ತಮ್ಮ ಸಮಿತಿಯ ಕೆಲಸ ನೋಡಿದ ಮೇಲೆ, ತಳವಿಲ್ಲದ್ದು ಬುಟ್ಟಿ ಒಂದೇ ಅಲ್ಲ ಎಂಬಷ್ಟು ಜ್ಞಾನ ಹೆಚ್ಚಾಗಿದೆ.

ನಮ್ಮ ಹುಡುಗರು ಅಭ್ಯಾಸ ಮಾಡುವುದು ಕಾಲೇಜಿನ ಗಾಡಿ ನಿಲ್ಲಿಸುವ ಸಿಮೆಂಟು ನೆಲದ ಮೇಲೆ, ಅದೂ ಸಂಜೆ ಎಲ್ಲರ ಸ್ಕೂಟರು ಹೊರಟ ಮೇಲೆ. ಎದುರಾಳಿಗಳೋ ನದಿಯಾಚೆಯ ದೊಡ್ಡ ಕಾಲೇಜಿನವರು. ಅವರಿಗೆ ಮರದ ನೆಲವಿದೆ, ಕಾಲು ಉಳುಕಿದರೆ ಉಜ್ಜಲು ಒಬ್ಬ ಮನುಷ್ಯನೂ ಇದ್ದಾನೆ. ನಮ್ಮ ತಂಡದ ನಾಯಕ ಪ್ರೇಮಕುಮಾರ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಗ, ಕೊನೆಯ ವರ್ಷದ ವಿದ್ಯಾರ್ಥಿ. ಅವನ ತಂದೆ ತಾಯಪ್ಪ ಮೊದಲು ಕಟ್ಟಡದ ಕೆಲಸದಲ್ಲಿದ್ದು, ಈಗ ರಾಂಜಣಗಾಂವದ ಕಾರ್ಖಾನೆಯಲ್ಲಿದ್ದಾನೆ. ಮಗ ಆಡುವುದನ್ನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರದ ಆತ ಅಂದು ರಜೆ ಹಾಕಿ, ಒಗೆದ ಅಂಗಿ ತೊಟ್ಟು, ನನ್ನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ.

ಪಂದ್ಯ ಐವತ್ತೆಂಟು–ಐವತ್ತೆಂಟರಲ್ಲಿ ನಿಂತು, ನಾಲ್ಕು ಸೆಕೆಂಡು ಉಳಿದಾಗ ಪ್ರೇಮಕುಮಾರ ಗೆರೆಯ ಆಚೆಯಿಂದ ಎಸೆದ ಚೆಂಡು ಬುಟ್ಟಿಯ ಅಂಚನ್ನೂ ಮುಟ್ಟದೆ ಒಳಗೆ ಹೋಯಿತು. ಮೂರು ಅಂಕ. ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಕಾಲೇಜು ಉಪವಲಯ ಗೆದ್ದದ್ದು ಇದೇ ಮೊದಲು. ಗೆದ್ದ ತಂಡಕ್ಕೆ ಮುಂದಿನ ತಿಂಗಳು ಹದಿನಾಲ್ಕರಂದು ಲೋಣಾವಳಾದ ಅಂತರವಲಯ ಪಂದ್ಯಗಳಲ್ಲಿ ಆಡುವ ಅವಕಾಶ, ಅಲ್ಲಿಂದಲೇ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ನಮ್ಮಲ್ಲಿ ಗೆದ್ದವರು ಬಾಯಿ ಸಿಹಿ ಮಾಡುವುದು ವಾಡಿಕೆಯಾದ್ದರಿಂದ ನಾನೇ ಎಲ್ಲರಿಗೂ ಪೇಢೆ ಹಂಚಿದೆ. ತಮ್ಮ ಮೂವರು ಸದಸ್ಯರೂ ತೆಗೆದುಕೊಂಡರು, ಒಬ್ಬರು ಎರಡು ತೆಗೆದುಕೊಂಡರು.

ಆಮೇಲೆ ಅಂಕಪಟ್ಟಿಯ ಹಾಳೆ ಬಂತು. ಸಹಿಗಳೆಲ್ಲ ಮುಗಿದ ಮೇಲೂ ತಳದಲ್ಲಿ ಒಂದು ಗೆರೆ ಖಾಲಿ ಉಳಿದಿತ್ತು, ಅಲ್ಲಿಯೂ ಪ್ರೇಮಕುಮಾರನ ಸಹಿ ಬಿತ್ತು. ಇರುವೆ ಗಾತ್ರದ ಅಕ್ಷರಗಳಲ್ಲಿ ಅಲ್ಲಿ ಅಚ್ಚಾಗಿದ್ದದ್ದು ‘ಫಲಿತಾಂಶಕ್ಕೆ ಆಕ್ಷೇಪವಿದ್ದಲ್ಲಿ ಮಾತ್ರ ನಾಯಕನ ಸಹಿ’ ಎಂದು. ಹೀಗೆ ಗೆದ್ದ ತಂಡವೇ ತನ್ನ ಗೆಲುವಿನ ವಿರುದ್ಧ ಆಕ್ಷೇಪ ಸಲ್ಲಿಸಿದಂತಾಯಿತು. ಬೇರೆ ಯಾವ ಕಚೇರಿಯಾಗಿದ್ದರೂ ಒಬ್ಬ ಮನುಷ್ಯ ತಲೆಯೆತ್ತಿ, ಏನಪ್ಪಾ ಇದು ಎಂದು ಕೇಳುತ್ತಿದ್ದ. ಅಂಥ ಚಪಲಕ್ಕೆ ತಾವು ಬಲಿಯಾಗಲಿಲ್ಲ. ಒಂದು ಪಂದ್ಯದ ಫಲಿತಾಂಶ ಪ್ರಕಟಿಸಲು ಮೂರು ವಾರ ತೆಗೆದುಕೊಳ್ಳುವ ತಮ್ಮ ಸಮಿತಿ, ಬಾಯಲ್ಲಿ ಪೇಢೆಯ ಸಿಹಿ ಇನ್ನೂ ಆರದಿರುವಾಗಲೇ ಸಭೆ ಸೇರಿ, ನಲವತ್ತೇ ನಿಮಿಷಗಳಲ್ಲಿ, ಯಾರನ್ನೂ ಕರೆದು ಕೇಳದೆ, ಆಕ್ಷೇಪವನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಈ ಚುರುಕಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಮರುದಿನ ತಾವು ಪ್ರಕಟಿಸಿದ ಫಲಿತಾಂಶ ಪಟ್ಟಿಯನ್ನು ನಾನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ನಮ್ಮ ಅಂಕ ಅರವತ್ತೊಂದು, ಅವರ ಅಂಕ ಐವತ್ತೆಂಟು, ವಿಜೇತರು ಅವರು. ಅಂಕಗಳನ್ನು ತಿದ್ದದೆ ಹಾಗೇ ಬಿಟ್ಟ ತಮ್ಮ ಪ್ರಾಮಾಣಿಕತೆಗೆ ಏನು ಹೇಳಲಿ! ಎದುರಾಳಿ ತಂಡದ ನಾಯಕ ಸ್ವಪ್ನಿಲ್ ಒಳ್ಳೆಯ ಹುಡುಗ. ಅವನು ಖುದ್ದು ತಮ್ಮ ಕಚೇರಿಗೆ ಬಂದು, ನಾವು ಸೋತಿದ್ದೇವೆ, ಈ ಗೆಲುವು ನಮಗೆ ಬೇಡ ಎಂದು ಬರೆದುಕೊಟ್ಟ. ಪಂದ್ಯ ಮುಗಿದ ಇಪ್ಪತ್ತು ನಿಮಿಷದೊಳಗೆ ಸೋಲಿನ ಹಕ್ಕನ್ನು ಮಂಡಿಸಿಲ್ಲವಾದ್ದರಿಂದ ಅವನ ಕೋರಿಕೆ ಪರಿಗಣಿಸಲಾಗದೆಂದು ತಾವು ಉತ್ತರಿಸಿದಿರಿ. ನನ್ನ ಮೊದಲ ಅರ್ಜಿಯಂತೂ, ಅದರಲ್ಲಿ ಒಂದು ಅಂಕಣ ಖಾಲಿ ಉಳಿದಿದೆ ಎಂಬ ಕಾರಣಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯೊಂದಿಗೇ ವಾಪಸು ಬಂತು. ಪ್ರೇಮಕುಮಾರನ ಆಕ್ಷೇಪಕ್ಕೆ ಕಾರಣವೆಂಬುದೇ ಎಲ್ಲೂ ಇಲ್ಲದ್ದನ್ನು ತಾವು ಗಮನಿಸಿರಲಾರಿರಿ.

ಇರಲಿ, ದೊಡ್ಡವರ ತೀರ್ಮಾನ ತೀರ್ಮಾನವೇ. ಅದನ್ನು ಪೂರ್ತಿಯಾಗಿ ಜಾರಿಗೆ ತರಬೇಕೆಂಬುದಷ್ಟೇ ನನ್ನ ವಿನಂತಿ. ಆದ್ದರಿಂದ ದಯವಿಟ್ಟು ಆ ಕೊನೆಯ ಚೆಂಡನ್ನು ಬುಟ್ಟಿಯಿಂದ ಮೇಲಕ್ಕೆ ಎಬ್ಬಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ, ಪ್ರೇಮಕುಮಾರನ ಕೈಗೆ ತಲುಪಿಸಿ ರಸೀದಿ ಪಡೆಯತಕ್ಕದ್ದು. ತಾಯಪ್ಪ ಅಂದು ಎದ್ದು ನಿಂತು ಹಾಕಿದ ಕೇಕೆಯನ್ನು ವಾಪಸು ಪಡೆದು, ಅವನ ರಜೆಯನ್ನು ಕಾರ್ಖಾನೆಗೆ ಮರಳಿಸತಕ್ಕದ್ದು. ತಮ್ಮ ಸದಸ್ಯರು ತಿಂದ ನಾಲ್ಕು ಪೇಢೆಗಳ ಬಗ್ಗೆ ನಾನು ಒತ್ತಾಯಿಸುವುದಿಲ್ಲ, ಅವನ್ನು ಹಿಂದಿರುಗಿಸುವ ವಿಧಾನ ಯಾರಿಗೂ ಹಿತವಾಗಿರದು.

ಇಷ್ಟು ಬರೆದ ಮೇಲೆ, ನಾಲ್ಕು ಅರ್ಜಿಗಳಲ್ಲಿಯೂ ಬರೆಯದಿದ್ದ ಒಂದು ಮಾತನ್ನು ಬರೆಯಲೇಬೇಕು. ಅಂದು ಆ ಹಾಳೆ ಹಿಡಿದು ಪ್ರೇಮಕುಮಾರ ನನ್ನ ಬಳಿ ಬಂದಿದ್ದ.

“ಅಕ್ಕಾರ, ಇಲ್ಲೊಂದು ಜಾಗಾ ಖಾಲಿ ಉಳದದ್ರಿ.”

“ಖಾಲಿ ಬಿಡಬ್ಯಾಡಪಾ, ಸಹಿ ಹಾಕು,” ಎಂದವಳು ನಾನು.

ಇಪ್ಪತ್ತೇಳು ವರ್ಷ ಖಾಲಿ ಗೆರೆ ಬಿಟ್ಟ ಅರ್ಜಿಗಳನ್ನೆಲ್ಲ ಹುಡುಗರ ಮುಖಕ್ಕೆ ವಾಪಸು ಹಿಡಿದು ಬಂದವಳು ನಾನು. ಏನು ಅಚ್ಚಾಗಿದೆ ಎಂದು ಓದಲಿಲ್ಲ, ಖಾಲಿ ಇದೆ ಎಂಬುದಷ್ಟೇ ಕಂಡಿತು. ಮಾರನೆಯ ದಿನ ಪ್ರಾಂಶುಪಾಲರು ಯಾರು ಹೇಳಿದರೆಂದು ಗದರಿಸಿದಾಗ ಅವನು ಯಾರೂ ಹೇಳಿಲ್ಲ, ತಾನೇ ಹಾಕಿದ್ದು ಎಂದ. ನಾನು ಅಲ್ಲೇ ಫೈಲು ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಂದಿನಿಂದ ಅವನ ಗೆಳೆಯರು ಅವನ ಜೊತೆ ಮಾತು ಬಿಟ್ಟಿದ್ದಾರೆ, ಅವನು ಮಾತ್ರ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ನನಗೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಾನೆ. ಮೊನ್ನೆ ತಾಯಪ್ಪ ಕಚೇರಿಗೆ ಫೋನು ಮಾಡಿ ಕೇಳಿದ.

“ಅಕ್ಕಾರ, ನಾ ಓದಿದಾಂವ ಅಲ್ರಿ. ಆದ್ರ ಆ ಬೋರ್ಡಿನ ಮ್ಯಾಲ ನಮ್ಮ ಹುಡುಗೂರ ಅಂಕಿನ ಹೆಚ್ಚಿತ್ತು, ಹೌದಲ್ರಿ?”

ಹೌದು ಎಂದೆ. ಸಹಿ ಹಾಕಿಸಿದವಳು ನಾನೇ ಎಂದು ತಿಳಿಸದೆ ಫೋನು ಇಟ್ಟೆ, ಇಂದಿಗೂ ನಾಚಿಕೆಯಾಗುತ್ತದೆ. ಆದ್ದರಿಂದ ಇಲ್ಲಿ, ಎಲ್ಲರೂ ಓದುವಲ್ಲಿ ಹೇಳುತ್ತಿದ್ದೇನೆ. ಸಹಿ ಹುಡುಗನದು, ತಪ್ಪು ನನ್ನದು. ಶಿಕ್ಷೆ ಕೊಡುವ ಹುಮ್ಮಸ್ಸು ತಮ್ಮಲ್ಲಿ ಇನ್ನೂ ಉಳಿದಿದ್ದರೆ ಅದು ನನಗಿರಲಿ, ಹದಿನಾಲ್ಕರಂದು ಆ ಹನ್ನೆರಡು ಮಂದಿ ಲೋಣಾವಳಾಕ್ಕೆ ಹೋಗಲಿ.

ತಮ್ಮ ಕಚೇರಿಯ ಪ್ರತಿಯೊಂದು ಗೆರೆಯನ್ನೂ ಇನ್ನು ಮುಂದೆ ಓದಿಯೇ ತುಂಬುವ,
ತಮ್ಮ ವಿಶ್ವಾಸಿ,
ಚನ್ನಬಸವ್ವ
ಹೆಡ್ ಕ್ಲರ್ಕ್, ಧನಕವಡಿ

ತಾ.ಕ.: ಈ ಮಾಸಿಕದ ಒಂದು ಪ್ರತಿಯ ಜೊತೆಗೆ ಒಂದು ಹಾಳೆಯನ್ನೂ ಲಗತ್ತಿಸಿ ತಮಗೆ ಕಳಿಸಿದ್ದೇನೆ. ಅರವತ್ತೊಂದು ಐವತ್ತೆಂಟಕ್ಕಿಂತ ದೊಡ್ಡದೆಂದೂ, ಆಕ್ಷೇಪವನ್ನು ಎತ್ತಿಹಿಡಿದ ಆದೇಶ ರದ್ದಾಗಿದೆಯೆಂದೂ, ಲೋಣಾವಳಾಕ್ಕೆ ಧನಕವಡಿಯ ತಂಡವೇ ಹೋಗತಕ್ಕದ್ದೆಂದೂ ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಲಾಗಿದೆ. ತಳದಲ್ಲಿ ಕಾರ್ಯದರ್ಶಿಗಳ ಸಹಿಗೆಂದು ಒಂದು ಗೆರೆ ಖಾಲಿ ಇದೆ. ದಯವಿಟ್ಟು ಖಾಲಿ ಬಿಡಬೇಡಿ. ಮೇಲಿರುವುದನ್ನು ಓದುವ ಶ್ರಮ ಬೇಡ, ನಾವೂ ಓದಿರಲಿಲ್ಲ.