ಎಣ್ಣೆ ಕಂಪನಿ ಕೊಟ್ಟ ಮೂರು ಲಕ್ಷ ಮೈಲಿಯ ಮಾತು

ನನ್ನ ಗಂಡ ಡೆಲ್ಮರ್ ಮದುವೆಯಾದ ಐವತ್ತೊಂದು ವರ್ಷಗಳಲ್ಲಿ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದಿದವನಲ್ಲ. ಅಂಥವನು ಮೂರು ವರ್ಷದ ಕೆಳಗೆ ಒಂದು ಶನಿವಾರ ಅಡುಗೆಮನೆಯ ಮೇಜಿನ ಮುಂದೆ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಒಂದು ಗಂಟೆ ಕಾಲ ಏನನ್ನೋ ಓದುತ್ತಿದ್ದ. ಇಳಿವಯಸ್ಸಿನಲ್ಲಾದರೂ ದೇವರು ಒಳ್ಳೆಯ ಬುದ್ಧಿ ಕೊಟ್ಟ, ಬೈಬಲ್ ಹಿಡಿದಿದ್ದಾನೆ ಎಂದುಕೊಂಡು ಕಾಫಿ ತೆಗೆದುಕೊಂಡು ಹೋದೆ. ನೋಡಿದರೆ ಇಂಜಿನ್ ಆಯಿಲ್ ಡಬ್ಬಿ. ಅದರ ಬೆನ್ನ ಮೇಲೆ ಇರುವೆ ಸಾಲಿನ ಹಾಗೆ ಅಕ್ಷರ.

"ಲವಾನ್, ಇಲ್ಲಿ ಕೇಳು," ಎಂದ. "ಹಳೇ ಗಾಡಿಗೆ ಅಂತಲೇ ಮಾಡಿರೋ ಎಣ್ಣೆ ಇದು. ಇದನ್ನೇ ಹಾಕ್ತಾ ಇದ್ರೆ ಮೂರು ಲಕ್ಷ ಮೈಲಿವರೆಗೂ ಇಂಜಿನ್ನಿಗೆ ಕಂಪನಿಯವರೇ ಜವಾಬ್ದಾರಿಯಂತೆ. ಕೆಟ್ಟುಹೋದ್ರೆ ಅವರೇ ದುಡ್ಡು ಕೊಡ್ತಾರಂತೆ."

"ಸುಮ್‌ಸುಮ್ನೆ ಯಾಕೆ ಕೊಡ್ತಾರೆ?"

"ಸುಮ್‌ಸುಮ್ನೆ ಯಾಕೆ, ನಾವು ಎಣ್ಣೆ ಕೊಂಡಿರ್ತೀವಲ್ಲ."

ನಮ್ಮ ಕಾರಿನ ವಿಷಯ ಎರಡು ಮಾತು ಹೇಳಲೇಬೇಕು. ಅದಕ್ಕೆ ಇಪ್ಪತ್ತೆರಡು ವರ್ಷ. ಡೆಲ್ಮರ್ ಅದನ್ನು ‘ಮಹಾರಾಣಿ’ ಎಂದು ಕರೆಯುತ್ತಾನೆ (ನನ್ನನ್ನು ಕರೆಯಲು ಅಂಥದೊಂದು ಹೆಸರು ಅವನಿಗೆ ಇನ್ನೂ ಹೊಳೆದಿಲ್ಲ). ಮಹಾರಾಣಿಯ ಹೀಟರ್ ಡ್ರೈವರ್‌ನ ಪಾದಗಳಿಗೆ ಮಾತ್ರ ಬಿಸಿಗಾಳಿ ಬೀಸುತ್ತದೆ. ಹಿಮ ಸುರಿಯುವ ಇಂಡಿಯಾನಾದ ಜನವರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರುವವಳು ನಾನು. ಚರ್ಚಿನ ಸಾಮೂಹಿಕ ಊಟಕ್ಕೆ ಯಾರು ಏನು ತರಬೇಕು ಎಂದು ಚೀಟಿ ಬಂದರೆ ನಾನು ಯಾವಾಗಲೂ ಬಿಸಿ ಪದಾರ್ಥದ ಮುಂದೆಯೇ ಹೆಸರು ಬರೆಯುತ್ತೇನೆ. ಲವಾನ್‌ಗೆ ಎಷ್ಟು ಸೇವಾಭಾವ ಎಂದು ಎಲ್ಲರೂ ಹೊಗಳುತ್ತಾರೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಎಂಟು ಮೈಲಿ ಹೋಗುವ ಸುಖ ಅವರಿಗೇನು ಗೊತ್ತು?

ನನ್ನ ಗೆಳತಿ ನೋರೀನ್ ಹತ್ತಿರ ಕೂತ ಕಡೆ ಬೆಚ್ಚಗಾಗುವ ಸೀಟಿನ ಕಾರಿದೆ. ಒಂದು ಸಲ ಅದರಲ್ಲಿ ಕೂತು ಬಂದ ಮೇಲೆ ನನಗೆ ಮೂರು ದಿನ ಮನೆಯ ಕುರ್ಚಿಗಳೆಲ್ಲ ವೈರಿಗಳ ಹಾಗೆ ಕಂಡವು. ಇದು ಡೆಲ್ಮರ್‌ಗೂ ಗೊತ್ತು. ಅದಕ್ಕೇ ಅವನು ಡಬ್ಬಿ ಕೆಳಗಿಟ್ಟು, "ಮಹಾರಾಣಿ ಎಂದಾದರೂ ಕಣ್ಣು ಮುಚ್ಚಿದಳು ಅನ್ನು, ಕಂಪನಿ ದುಡ್ಡು ಬರುತ್ತೆ. ಅವತ್ತೇ ನಿನಗೆ ಸೀಟು ಬಿಸಿಯಾಗೋ ಕಾರು. ಮಾತು ಕೊಟ್ಟಿದೀನಿ," ಎಂದ.

ಅಲ್ಲಿಂದ ನಾನೂ ಆ ಎಣ್ಣೆಯ ಪಕ್ಷಕ್ಕೆ ಸೇರಿದೆ.

ಆದರೆ ಷರತ್ತುಗಳು. ಶುರು ಮಾಡುವಾಗ ಗಾಡಿ ಇಂತಿಷ್ಟು ಮೈಲಿಗಿಂತ ಕಡಿಮೆ ಓಡಿರಬೇಕು. ಮಧ್ಯೆ ಬೇರೆ ಕಂಪನಿಯ ಎಣ್ಣೆ ಒಂದು ತೊಟ್ಟೂ ಬೀಳಬಾರದು. ನಾಲ್ಕು ಸಾವಿರ ಮೈಲಿ ಅಥವಾ ನಾಲ್ಕು ತಿಂಗಳು, ಯಾವುದು ಮೊದಲೋ ಆವಾಗ ಬದಲಾಯಿಸಬೇಕು. ಪ್ರತಿಯೊಂದು ರಸೀದಿ ಇಟ್ಟಿರಬೇಕು. ಡಬ್ಬಿಯ ಜೊತೆ ಬಂದ ಕಾರ್ಡನ್ನು ತುಂಬಿ ಮೂವತ್ತು ದಿನದೊಳಗೆ ಅಂಚೆಗೆ ಹಾಕಬೇಕು. ಡೆಲ್ಮರ್ ಅವತ್ತೇ ಕಾರ್ಡು ತುಂಬಿ ಫೋನಿನ ಪಕ್ಕ ಇಟ್ಟು, "ಕರೆಂಟ್ ಬಿಲ್ ಜೊತೆ ಇದನ್ನೂ ಹಾಕಿಬಿಡು," ಎಂದ. "ಹಾಕ್ತೀನಿ," ಎಂದೆ.

ಮಹಾರಾಣಿ ನಾಲ್ಕು ತಿಂಗಳಿಗೆ ಸಾವಿರ ಮೈಲಿ ಓಡಿದರೆ ಹೆಚ್ಚು. ಆದರೂ ಜೇನಿನಂತೆ ಹೊಳೆಯುವ ಎಣ್ಣೆಯನ್ನು ನಾಲ್ಕು ತಿಂಗಳಿಗೊಮ್ಮೆ ಇಳಿಸಿ ಹೊಸದು ಹಾಕುವುದು. ಇದರಿಂದ ಲಾಭ ನಮಗೋ ಕಂಪನಿಗೋ ಎಂದು ನನಗೆ ಅನುಮಾನ ಬಂತು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗೊತ್ತಿಲ್ಲದ್ದನ್ನು ಕೇಳಿ ತಿಳಿಯಬೇಕು, ಅಷ್ಟೆ. ಊರಿನ ಹೋಟೆಲಿನಲ್ಲಿ ಬೆಳಗ್ಗೆ ಕಾಫಿಗೆ ಸೇರುವ ಗಂಡಸರ ಪಕ್ಕದ ಮೇಜಿನಲ್ಲಿ ಕೂತು ಕೇಳಿದೆ.

ಒಬ್ಬ ಎಂದ, "ಎಲ್ಲ ಬರೀ ಬೂಟಾಟಿಕೆ. ಯಾರಿಗೂ ಒಂದು ಬಿಡಿಗಾಸು ಬಂದಿಲ್ಲ."

"ನಮ್ಮ ಭಾವನಿಗೆ ಇಡೀ ಇಂಜಿನ್ನೇ ಬಂತಲ್ಲ," ಎಂದ ಇನ್ನೊಬ್ಬ.

"ಯಾವ ಭಾವ? ಕರಿ ನೋಡೋಣ, ಕೇಳೋಣ."

"ತೀರಿಕೊಂಡ."

"ಇಂಜಿನ್?"

"ಅದು ಇದೆ."

ಮೂರನೆಯವನು, ಎಣ್ಣೆ ತಾಗುವ ಭಾಗಕ್ಕೆ ಮಾತ್ರ ಗ್ಯಾರಂಟಿ ಎಂದ. ಹಾಗಾದರೆ ಎಣ್ಣೆ ತಾಗದ ಭಾಗ ಯಾವುದು ಎಂದು ಜಗಳ ಹತ್ತಿತು. ತಟ್ಟೆಯಲ್ಲಿದ್ದ ಮೊಟ್ಟೆ ಆರಿ ತಣ್ಣಗಾಗುವವರೆಗೂ ತೀರ್ಮಾನವಾಗಲಿಲ್ಲ. ನಮ್ಮ ಮೆಕ್ಯಾನಿಕ್ ಡ್ವೇನ್‌ನನ್ನೇ ಕೇಳಿದೆ.

"ಲವಾನ್ ಅವರೇ, ರಸೀದಿ ಜೋಪಾನ ಮಾಡೋರ ಇಂಜಿನ್ ಕೆಡಲ್ಲ. ಇಂಜಿನ್ ಕೆಡಿಸಿಕೊಳ್ಳೋರ ಹತ್ರ ರಸೀದಿ ಇರಲ್ಲ. ಇದು ಕಂಪನಿಯವರಿಗೆ ಗೊತ್ತು."

"ಅಂದ್ರೆ ಒಳ್ಳೇದೋ ಕೆಟ್ಟದ್ದೋ?"

"ಎಣ್ಣೆ ಒಳ್ಳೇದು," ಎಂದು ಅವನು ಗಾಡಿಯ ಕೆಳಗೆ ಜಾರಿಕೊಂಡ.

ಮೊದಲು ನನಗೆ ಅರ್ಧ ಅರ್ಥವಾಗಿತ್ತು. ಕೇಳಿದ ಮೇಲೆ ಅದೂ ಹೋಯಿತು. ಆದರೂ ರಸೀದಿ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಕೂತಿತು. ಡೆಲ್ಮರ್ ಕೈಗೆ ರಸೀದಿ ಕೊಡುವುದೂ ಗಾಳಿಗೆ ಕೊಡುವುದೂ ಒಂದೇ. ಆದ್ದರಿಂದ ನಾನೇ ಅವನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಕಾಪಾಡಿದೆ. ಎರಡು ವರ್ಷವಾಗುವಷ್ಟರಲ್ಲಿ ಅಕ್ಷರಗಳು ಮಾಸತೊಡಗಿದವು.

ಆಗ ನನಗೆ ಮಹಾ ಉಪಾಯವೊಂದು ಹೊಳೆಯಿತು. ಚರ್ಚಿನ ಆಫೀಸಿನಲ್ಲಿ ಕಾಗದವನ್ನು ಪ್ಲಾಸ್ಟಿಕ್ಕಿನೊಳಗೆ ಅಂಟಿಸುವ ಯಂತ್ರವಿದೆ. ನಮ್ಮ ಕೌದಿ ಹೊಲಿಯುವ ಹೆಂಗಸರು ಸೇರುವ ಮಂಗಳವಾರ ಅಡುಗೆ ಮಾಡುವ ಬಗೆ ಬರೆದಿಟ್ಟ ಕಾರ್ಡುಗಳನ್ನೂ ರಸೀದಿಗಳನ್ನೂ ಒಟ್ಟಿಗೆ ಕೊಂಡೊಯ್ದೆ. ಮೊದಲು ಅಡುಗೆ ಕಾರ್ಡುಗಳು. ಅಜ್ಜಿಯ ಜೋಳದ ರೊಟ್ಟಿ, ಬೀಟ್‌ರೂಟ್ ಉಪ್ಪಿನಕಾಯಿ, ನೋರೀನ್ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿ ನಾನು ಕೈಗೆ ಸಿಕ್ಕಿದ್ದರ ಮೇಲೆ ಬರೆದುಕೊಂಡ ರುಬಾರ್ಬ್ ಎಂಬ ಹುಳಿ ದಂಟಿನ ಸಿಹಿ ಪೈ, ಎಲ್ಲ ಗಾಜಿನ ಹಾಗೆ ಹೊಳೆಯುತ್ತ ಹೊರಬಂದವು. ಪೈ ಕಾರ್ಡನ್ನು ಅವತ್ತೇ ಕಪಾಟಿನ ಬಾಗಿಲಿಗೆ ಅಂಟಿಸಿದೆ.

ಆಮೇಲೆ ರಸೀದಿಗಳನ್ನು ತೂರಿಸಿದೆ.

ಒಳಗೆ ಹೋದದ್ದು ಬಿಳಿ ಕಾಗದ, ಹೊರಗೆ ಬಂದದ್ದು ಕಾವಲಿಯ ತಳ. ಅಕ್ಷರವೂ ಕಪ್ಪು, ಕಾಗದವೂ ಕಪ್ಪು. ಆ ಅಂಗಡಿ ರಸೀದಿಗಳ ಕಾಗದಕ್ಕೆ ಶಾಖ ತಗುಲಬಾರದಂತೆ. ಇದನ್ನು ಆಫೀಸಿನ ಹುಡುಗಿ ಏಳನೆಯ ರಸೀದಿ ಆದ ಮೇಲೆ ಹೇಳಿದಳು. ಇದ್ದದ್ದೇ ಏಳು.

ಡೆಲ್ಮರ್‌ಗೆ ಹೇಳಲಿಲ್ಲ. ಮಹಾರಾಣಿ ಮೂರು ಲಕ್ಷ ಮೈಲಿ ಬದುಕಿರಲಿ ಎಂದು ಪ್ರಾರ್ಥಿಸತೊಡಗಿದೆ. ಸೀಟು ಬಿಸಿಯಾಗದಿದ್ದರೂ ಚಿಂತೆಯಿಲ್ಲ, ಮರ್ಯಾದೆ ಉಳಿದರೆ ಸಾಕು.

ಈ ವರ್ಷ ಈಸ್ಟರ್‌ಗೆ ಮುಂಚಿನ ಒಂದು ಶುಕ್ರವಾರ ಚರ್ಚಿನಲ್ಲಿ ಮೀನಿನ ಊಟ ಮುಗಿಸಿ ಬರುವಾಗ ಮಹಾರಾಣಿ ಟಕಟಕ ಎಂದಳು. ಆಮೇಲೆ ಗಡಗಡ ಎಂದಳು. ಜೋಳದ ಹೊಲದ ಪಕ್ಕ ನಿಂತೇಬಿಟ್ಟಳು. ಡ್ವೇನ್ ಬಂದು ಕೆಳಗೆ ಇಣುಕಿ, ಹೆಣದ ಮುಂದೆ ತೆಗೆಯುವ ಹಾಗೆ ಟೋಪಿ ತೆಗೆದ. ಬೇರಿಂಗ್ ಹೋಗಿದೆ, ಇಂಜಿನ್ ಮುಗಿಯಿತು ಎಂದ.

ಡೆಲ್ಮರ್ ಕಣ್ಣು ಒರೆಸಿಕೊಂಡ. ಮೂಗೂ ಒರೆಸಿಕೊಂಡ. ನಂತರ ನನ್ನ ಕಡೆ ತಿರುಗಿ, "ಬಿಡು, ಎಣ್ಣೆ ತಾಗೋ ಭಾಗವೇ ಹೋಗಿದೆ. ನಿನ್ನ ಕಾರು ಬಂತು ಅಂತ ತಿಳ್ಕೊ. ರಸೀದಿ ತೆಗಿ," ಎಂದ.

ಅಡುಗೆಮನೆಯ ಮೇಜಿನ ಮೇಲೆ, ಆಮೇಲೆ ಬಂದ ಬಿಳಿ ರಸೀದಿಗಳ ಪಕ್ಕ, ಏಳು ಕರಿ ಹಲಗೆಗಳನ್ನು ಸಾಲಾಗಿ ಇಟ್ಟೆ. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ.

"ಇದೇನು?"

"ರಸೀದಿ."

"ಯಾವುದರ ರಸೀದಿ, ಕಲ್ಲಿದ್ದಲಿಂದಾ?"

ನಡೆದದ್ದನ್ನು ಹೇಳಿದೆ. ಬಯ್ಯುತ್ತಾನೆ ಎಂದು ಕಾದೆ. ಅವನು ಯೋಚಿಸಿ, "ಅಂಗಡಿಯವರ ಕಂಪ್ಯೂಟರಲ್ಲಿ ನಮ್ಮ ಫೋನ್ ನಂಬರಿಗೆ ಎಲ್ಲ ಇರುತ್ತೆ. ಇನ್ನೊಂದು ಸಲ ಅಚ್ಚು ಹಾಕಿಸಿಕೊಂಡ್ರಾಯ್ತು," ಎಂದ. ಹೋಗಿ ಏಳನ್ನೂ ತಂದ. ವರ್ಷವಿಡೀ ಹೊತ್ತ ಪಾಪ ಅರ್ಧ ಗಂಟೆಯಲ್ಲಿ ಇಳಿಯಿತು. ಅವತ್ತು ಮೊಟ್ಟಮೊದಲ ಬಾರಿಗೆ ನನಗೆ ಆ ಗ್ಯಾರಂಟಿ ಬಹಳ ಯೋಗ್ಯವಾದದ್ದು ಅನ್ನಿಸಿತು. ಕಾರಿಗೆ ಯಾವ ಬಣ್ಣ ಎಂದೂ ಯೋಚಿಸಿದೆ. ನೀಲಿ.

ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ಬಹಳ ವಿನಯವಂತೆ. ಎಷ್ಟು ಹುಡುಕಿದರೂ ಡೆಲ್ಮರ್ ಹೆಸರು ಅವಳ ಹತ್ತಿರ ಇಲ್ಲ. ಕಾರ್ಡು ಬಂದೇ ಇಲ್ಲವಂತೆ. ಕಾರ್ಡಿಲ್ಲದೆ ಗ್ಯಾರಂಟಿ ಇಲ್ಲವಂತೆ.

"ಲವಾನ್, ಕಾರ್ಡು ಹಾಕಿದ್ಯಲ್ಲ?"

"ನನ್ನ ಕೈಯಾರೆ ಹಾಕಿದೀನಿ. ಕರೆಂಟ್ ಬಿಲ್ ಜೊತೆ. ಅವರೇ ಕಳೆದಿದಾರೆ. ಇಂಥವರಿಗೆ ಇದೇ ಕಸುಬು. ವಯಸ್ಸಾದೋರು, ಏನು ಮಾಡ್ತಾರೆ ಅಂತ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೋಟೆಲಿನಲ್ಲಿ ಹೇಳಿದೆ. ಚರ್ಚಿನಲ್ಲಿ ಹೇಳಿದೆ. ಪೋಸ್ಟ್ ಆಫೀಸಿನವನಿಗೆ, ನಿನ್ನ ಮೇಲೆ ಅನುಮಾನವಿಲ್ಲ ಎಂದು ಅನುಮಾನ ಬರುವ ಹಾಗೆ ಹೇಳಿದೆ. ಮುಂದಿನ ಮಂಗಳವಾರ ಕೌದಿ ಹೊಲಿಯುವ ಹೆಂಗಸರೆಲ್ಲ ನಮ್ಮ ಮನೆಯಲ್ಲೇ ಸೇರಿ, ಸೂಜಿ ಕೆಳಗಿಟ್ಟು, ಕಂಪನಿಗೆ ಖಂಡನಾ ಪತ್ರ ಬರೆದರು. ನೋರೀನ್ ಬರೆದಳು, ನಾನು ಹೇಳಿದೆ. "ಬಡವೃದ್ಧ ದಂಪತಿಗಳ ನಂಬಿಕೆಗೆ ದ್ರೋಹ" ಎಂಬ ಸಾಲಿಗೆ ಇಬ್ಬರು ಮೂಗು ಒರೆಸಿಕೊಂಡರು. ಒಬ್ಬೊಬ್ಬರೇ ಸಹಿ ಹಾಕುತ್ತಿದ್ದರು. ಪೈ ಕತ್ತರಿಸಿ ಕೊಟ್ಟೆ.

ನೋರೀನ್ ಒಂದು ತುತ್ತು ತಿಂದು, "ಇದು ನಾನು ಹೇಳಿದ್ದೇ ಅಲ್ವೇನೇ? ನನ್ನ ಕಾರ್ಡು ಎಲ್ಲೋ ಹೋಯ್ತು ಕಣೇ. ಬರ್ಕೋತೀನಿ ಇರು," ಎಂದು ಎದ್ದು ಕಪಾಟಿನ ಬಾಗಿಲಿನಿಂದ ಕಾರ್ಡು ಕಿತ್ತಳು. ಬರೆದುಕೊಂಡಳು. ಹಿಂದೆ ಇನ್ನೂ ಏನಾದರೂ ಇದೆಯೋ ಎಂದು ತಿರುಗಿಸಿದಳು.

ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದಳು. ನೋರೀನ್ ಯಾವುದನ್ನೂ ಎರಡು ಸಲ ಓದುವವಳಲ್ಲ.

"ಲವಾನ್," ಎಂದಳು. "ಇದರಲ್ಲಿ ಡೆಲ್ಮರ್ ಹೆಸರು ಇದೆಯಲ್ಲೇ. ಒಂದು ಲಕ್ಷ ಹತ್ತೊಂಬತ್ತು ಸಾವಿರ ಮೈಲಿ ಅಂತಲೂ ಇದೆ."

ಸಹಿ ಹಾಕುತ್ತಿದ್ದವರ ಪೆನ್ನು ನಿಂತಿತು. ಕಾರ್ಡು ಕೈಯಿಂದ ಕೈಗೆ ಹೋಯಿತು. ಒಂದು ಅಕ್ಷರ ಮಾಸಿರಲಿಲ್ಲ. ಮೂಲೆಯಲ್ಲಿ ‘ಅಂಚೆ ಚೀಟಿ ಹಚ್ಚುವ ಅಗತ್ಯವಿಲ್ಲ’ ಎಂದು ಅಚ್ಚಾಗಿತ್ತು. ಅಳತೆ ಅಡುಗೆ ಕಾರ್ಡಿನದೇ. ಮೂರು ವರ್ಷದ ಕೆಳಗೆ ಅದು ಫೋನಿನ ಪಕ್ಕ ಇತ್ತು, ನೋರೀನ್ ಸಕ್ಕರೆ ಎಷ್ಟು ಎಂದು ಹೇಳುತ್ತಿದ್ದಳು, ನಾನೇನು ಮಾಡಲಿ?

ಆ ಹೊತ್ತಿಗೆ ಸರಿಯಾಗಿ ಡೆಲ್ಮರ್ ಡ್ವೇನ್‌ನ ಗ್ಯಾರೇಜಿನಿಂದ ಬಂದ. ಗುಜರಿಯಲ್ಲಿ ಮಹಾರಾಣಿಗೆ ಹೊಂದುವ ಹಳೇ ಇಂಜಿನ್ ಒಂದು ಸಿಕ್ಕಿದೆ, ಬರುವ ವಾರ ಕೂರಿಸುತ್ತಾರೆ ಎಂದ. ಹೀಟರ್ ಹಾಗೇ ಇರುತ್ತದಂತೆ. ಒಬ್ಬೊಬ್ಬರ ಮುಖ ನೋಡಿದ. ಕಾರ್ಡು ಅವನ ಕೈಗೆ ಬಂತು. ಮುಂದೆ ಓದಿದ, ಹಿಂದೆ ಓದಿದ. ಮದುವೆಯಾದ ಮೇಲೆ ಅವನು ಪೂರ್ತಿ ಓದಿದ್ದು ಆ ಡಬ್ಬಿ ಬಿಟ್ಟರೆ ಇದೊಂದೇ.

ಕುರ್ಚಿ ಎಳೆದು ಕೂತ. ಒಂದು ತುಂಡು ಪೈ ಹಾಕಿಕೊಂಡು ನಿಧಾನವಾಗಿ ತಿಂದು ಮುಗಿಸಿದ.

"ಪೈ ಚೆನ್ನಾಗಿದೆ," ಎಂದ. "ಇದಕ್ಕೂ ರಸೀದಿ ಇಟ್ಟಿದೀಯಾ?"